ಅಂಗಳದ ಗೆಳೆಯನಿಗೆ ಕಾಯಿಲೆ ಬಂದಾಗ

ಸಂಜೆ ನಾಲ್ಕೂವರೆ ದಾಟಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಒಂಟಿಮನೆಗಳಲ್ಲಿ ನಾಯಿಗಳ ಕಿವಿ ನೆಟ್ಟಗಾಗುತ್ತದೆ. ಗಡಿಯಾರ ನೋಡಲು ಬಾರದಿದ್ದರೇನು, ಶಾಲೆ ಬಿಡುವ ಹೊತ್ತು ಅವಕ್ಕೆ ಚೆನ್ನಾಗಿ ಗೊತ್ತು. ದೂರದ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿದ್ದೇ ತಡ, ಅಂಗಳದಿಂದ ಜಿಗಿದು, ಅಡಕೆ ತೋಟದ ಸಂಕ ದಾಟಿ, ಗದ್ದೆಯಂಚಿನಲ್ಲಿ ಓಡಿ ರಸ್ತೆ ಬದಿಗೆ ಬಂದು ನಿಂತುಬಿಡುತ್ತವೆ. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದು ಇಳಿಯುವ ಮಕ್ಕಳಿಗೆ ಅಲ್ಲಿಂದ ಮನೆಯವರೆಗೂ ಅದೇ ಜೊತೆ, ಅದೇ ಧೈರ್ಯ.

ಹೀಗಿರುವಾಗ ಒಂದು ದಿನ ಬಸ್ಸು ಬರುತ್ತದೆ, ನಾಯಿ ಬರುವುದಿಲ್ಲ.

ಮನೆಗೆ ಓಡಿ ಬಂದು ನೋಡಿದರೆ ಜಗಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದೆ. ಹೆಸರು ಹಿಡಿದು ಕರೆದರೆ ತಲೆ ಎತ್ತುವುದಿಲ್ಲ; ಬಾಲವನ್ನಷ್ಟೇ ಎರಡು ಸಲ ನೆಲಕ್ಕೆ ಬಡಿಯುತ್ತದೆ. 'ಎಲ್ಲೋ ಏನೋ ತಿಂದಿರ್ಬೇಕು, ಗರಿಕೆ ತಿಂದು ಕಾರಿಕೊಂಡ್ರೆ ಸರಿಹೋಗ್ತದೆ' ಎಂದು ಅಜ್ಜಿ ಹೇಳುತ್ತಾರೆ. ಎರಡು ದಿನ ಕಳೆದರೂ ಸರಿಹೋಗದಿದ್ದಾಗ ಮನೆಯಲ್ಲಿ ಯಾರೂ ಕೇಳಲು ಇಷ್ಟಪಡದ ಪ್ರಶ್ನೆಯೊಂದು ಮಕ್ಕಳ ಬಾಯಿಂದಲೇ ಬರುತ್ತದೆ: 'ಅಪ್ಪಾ, ಇದು ಬದುಕ್ತದಾ?'

ಸಾಕುನಾಯಿಗೆ ದೊಡ್ಡ ಕಾಯಿಲೆ ಬಂದಾಗ ಮನೆಯವರು ಏನು ಮಾಡಬೇಕು? ಎಷ್ಟು ಮಾಡಬೇಕು? ಮಕ್ಕಳಿಗೆ ಏನು ಹೇಳಬೇಕು? ಈ ಪ್ರಶ್ನೆಗಳು ಎದುರಾಗದ ನಾಯಿ ಸಾಕಿದ ಮನೆ ಇರಲಾರದು. ಏಕೆಂದರೆ ಲೆಕ್ಕ ಸುಲಭ. ನಾಯಿಯ ಆಯುಷ್ಯ ಹೆಚ್ಚೆಂದರೆ ಹತ್ತರಿಂದ ಹದಿನೈದು ವರ್ಷ. ಮಗು ಒಂದನೇ ತರಗತಿಗೆ ಸೇರಿದಾಗ ಮನೆಗೆ ಬಂದ ಮರಿ, ಆ ಮಗು ಕಾಲೇಜಿಗೆ ಸೇರುವ ಹೊತ್ತಿಗೆ ಮುದಿಯಾಗಿರುತ್ತದೆ.

ಮೊದಲು ಕಾಯಿಲೆ ಯಾವುದೆಂದು ತಿಳಿಯಲಿ

ನಾಯಿ ಮಲಗಿದೊಡನೆ 'ಇನ್ನು ಇದು ಏಳುವುದಿಲ್ಲ' ಎಂದು ಕೈಚೆಲ್ಲುವುದು ಮಲೆನಾಡಿನ ಹಳ್ಳಿಗಳಲ್ಲಿ ಆಗಾಗ ನಡೆಯುವ ತಪ್ಪು. ಮರಣದಂಡನೆಯಂತೆ ಕಾಣುವ ಎಷ್ಟೋ ಕಾಯಿಲೆಗಳಿಗೆ ಮದ್ದಿದೆ.

ಈ ಭಾಗದಲ್ಲಿ ಹೆಚ್ಚಾಗಿ ಕಾಡುವುದು ಉಣುಗಿನಿಂದ ಬರುವ ಜ್ವರ. ನಾಯಿಯ ಮೈಗೆ ಅಂಟಿದ ಕಂದು ಉಣುಗು ರಕ್ತ ಹೀರುವಾಗ ಎರ್ಲಿಕಿಯಾ, ಬೆಬೇಸಿಯಾ ಮೊದಲಾದ ಸೂಕ್ಷ್ಮಜೀವಿಗಳನ್ನು ಒಳಗೆ ಬಿಡುತ್ತದೆ. ಮೊದಲನೆಯದು ಬಿಳಿ ರಕ್ತಕಣಗಳನ್ನು ಹೊಕ್ಕರೆ, ಎರಡನೆಯದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಾಯಿ ಊಟ ಬಿಡುತ್ತದೆ, ವಸಡು ಬೆಳ್ಳಗಾಗುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಬೇಗ ಪತ್ತೆಯಾದರೆ ವೈದ್ಯರು ಕೊಡುವ ಔಷಧಿಯಿಂದ ವಾಸಿಯಾಗುವ ಜ್ವರ ಇದು. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ನಾಲ್ಕು ವಾರ ಬಿಡದೆ ಮಾತ್ರೆ ಕೊಡಬೇಕು. ಒಂದು ವಾರಕ್ಕೇ ನಾಯಿ ಎದ್ದು ಓಡಾಡತೊಡಗುವುದರಿಂದ ಅನೇಕರು ಅಲ್ಲಿಗೇ ಮಾತ್ರೆ ನಿಲ್ಲಿಸುತ್ತಾರೆ. ಕಾಯಿಲೆ ಮರಳಿ ಬರುವುದು ಹೀಗೆ. ಅಲಕ್ಷ್ಯ ಮಾಡಿದರೆ ಮೂಳೆಯ ಮಜ್ಜೆಯೇ ಸೋತು ರಕ್ತ ಹುಟ್ಟುವುದು ನಿಂತುಹೋಗುತ್ತದೆ.

ಉಣುಗು ಎಂದೊಡನೆ ಮಲೆನಾಡಿನವರಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಇತ್ತೀಚಿನ ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಈ ತಾಲ್ಲೂಕುಗಳನ್ನೂ ಬಿಟ್ಟಿಲ್ಲ. ನಾಯಿಯ ಜ್ವರವೂ ಮಂಗನ ಕಾಯಿಲೆಯೂ ಒಂದೇ ಅಲ್ಲ. ಅವನ್ನು ಹರಡುವ ಉಣುಗಿನ ಜಾತಿಗಳೂ ಬೇರೆ. ಆದರೆ ಕಾಡಿಗೆ ಹೋಗಿ ಬಂದ ನಾಯಿ, ದನಗಳ ಮೈಯಲ್ಲಿ ಕಾಡಿನ ಉಣುಗೂ ಮನೆಗೆ ಬರಬಹುದು. ಆದ್ದರಿಂದ ಮಕ್ಕಳು ನಾಯಿಯ ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಒತ್ತಿ ಸಾಯಿಸುವ ಆಟ ಆಡಬಾರದು. ದೊಡ್ಡವರು ಕೈಗವಸು ಹಾಕಿ ಚಿಮಟದಲ್ಲಿ ಹಿಡಿದು ತೆಗೆದು ಸಾಬೂನು ನೀರಿಗೆ ಹಾಕಬೇಕು.

ನಾಯಿಗೆ ಬರುವ ಕ್ಯಾನ್ಸರ್‌ಗಳಲ್ಲೂ ಎಲ್ಲವೂ ಒಂದೇ ಅಲ್ಲ. ಬೀದಿ ನಾಯಿಗಳಲ್ಲಿ ಕೂಡುವಿಕೆಯಿಂದ ಒಂದರಿಂದ ಇನ್ನೊಂದಕ್ಕೆ ಹರಡುವ ಗಡ್ಡೆಯೊಂದಿದೆ. ನೋಡಲು ಭಯಂಕರ, ರಕ್ತ ತೊಟ್ಟಿಕ್ಕುತ್ತಿರುತ್ತದೆ. ಆದರೆ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಕರಗಿಯೇ ಹೋಗುತ್ತದೆ. ಹೆಣ್ಣುನಾಯಿಯ ಕೆಚ್ಚಲಿನ ಗಡ್ಡೆ ಹಾಗಲ್ಲ; ಚಿಕ್ಕದಿರುವಾಗಲೇ ಶಸ್ತ್ರಚಿಕಿತ್ಸೆ ಆಗಬೇಕು. ಮೊದಲ ಬೆದೆಗೆ ಮುಂಚೆಯೇ ಸಂತಾನಹರಣ ಮಾಡಿಸಿದ ಹೆಣ್ಣುನಾಯಿಗೆ ಈ ಗಡ್ಡೆ ಬರುವುದು ಬಲು ಅಪರೂಪ.

ಮೂತ್ರಪಿಂಡದ ಕಾಯಿಲೆ ಸದ್ದಿಲ್ಲದೆ ಬರುವಂಥದ್ದು. ಮುದಿನಾಯಿ ಪದೇ ಪದೇ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಬಾಯಿ ವಾಸನೆ ಬರುತ್ತದೆ, ಸೊರಗುತ್ತದೆ. ಇಷ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಶಕ್ತಿ ಹೋಗಿರುವುದೇ ಹೆಚ್ಚು. ಹೋದದ್ದು ಮರಳದು. ಆದರೆ ಉಳಿದದ್ದನ್ನು ಜೋಪಾನ ಮಾಡಿದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಾಯಿ ನೆಮ್ಮದಿಯಿಂದ ಇರಬಲ್ಲದು.

ಒಂದು ಕಾಯಿಲೆಯ ವಿಷಯದಲ್ಲಿ ಮಾತ್ರ ಮಮತೆಗೆ ಜಾಗವಿಲ್ಲ. ಅದು ಹುಚ್ಚುನಾಯಿ ರೋಗ, ಅಂದರೆ ರೇಬಿಸ್. ನಾಯಿ ಇದ್ದಕ್ಕಿದ್ದಂತೆ ಸ್ವಭಾವ ಬದಲಿಸಿ ಕಂಡದ್ದನ್ನೆಲ್ಲ ಕಚ್ಚತೊಡಗಿದರೆ, ಜೊಲ್ಲು ಸುರಿಸುತ್ತಾ ನುಂಗಲಾರದೆ ಒದ್ದಾಡಿದರೆ, ದನಿ ಬದಲಾದರೆ ಆರೈಕೆಗೆಂದು ಹತ್ತಿರ ಹೋಗಬಾರದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಲಂತೂ ಬಾರದು. ದೂರದಿಂದಲೇ ಕೂಡಿಹಾಕಿ ಪಶು ವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ನಾಯಿಗೂ ಮದ್ದಿಲ್ಲ, ಮನುಷ್ಯನಿಗೂ ಮದ್ದಿಲ್ಲ. ಮೂರು ತಿಂಗಳ ಮರಿಗೆ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸುತ್ತಾ ಬಂದ ಮನೆಗೆ ಈ ಭಯ ಇರುವುದಿಲ್ಲ.

ಊರ ಪಶು ಆಸ್ಪತ್ರೆಯಲ್ಲಿ ರೋಗ ತಿಳಿಯದಿದ್ದರೆ ರಕ್ತ ಪರೀಕ್ಷೆ, ಎಕ್ಸ್-ರೇ, ಸ್ಕ್ಯಾನಿಂಗ್‌ಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರೆಗೆ ಹೋಗಬೇಕಾದೀತು. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಯಲು 1962 ಎಂಬ ಸಹಾಯವಾಣಿಯೂ ಇದೆ.

ಮದ್ದಿಲ್ಲದ ಕಾಯಿಲೆ ಈ ನಾಡಿಗೆ ಹೊಸತಲ್ಲ

ಎಲ್ಲ ಪರೀಕ್ಷೆ ಮುಗಿದ ಮೇಲೆ ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ಇದು ವಾಸಿಯಾಗುವುದಿಲ್ಲ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ' ಎಂದರೆ? ಆ ಮಾತು ಕೇಳಿ ಮನೆಗೆ ಮರಳುವ ದಾರಿ ಬಲು ಉದ್ದ ಎನಿಸುತ್ತದೆ.

ಆದರೆ ವಾಸಿಯಾಗದ್ದನ್ನು ನೋಡಿಕೊಳ್ಳುವುದು ಹೇಗೆಂದು ಈ ಮೂರು ತಾಲ್ಲೂಕಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಅಡಕೆ ತೋಟಗಳಿಗೆ ದಶಕಗಳಿಂದ ಹಳದಿ ಎಲೆ ರೋಗ ಅಂಟಿಕೊಂಡಿದೆ. ರೋಗ ಹಿಡಿದ ಮರವನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೂ ಬೆಳೆಗಾರರು ಬಸಿಗಾಲುವೆ ಬಿಡಿಸುತ್ತಾರೆ, ಗೊಬ್ಬರ ಹಾಕುತ್ತಾರೆ, ಕೊಡುವಷ್ಟು ದಿನ ಕೊಡಲಿ ಎಂದು ಮರವನ್ನು ನೋಡಿಕೊಳ್ಳುತ್ತಾರೆ. 'ಹೇಗೂ ಹೋಗುವ ಮರ' ಎಂದು ಬೇಸಾಯ ಬಿಟ್ಟವನ ತೋಟ ಮೊದಲು ಹಾಳಾಯಿತು ಎಂಬುದು ಎಲ್ಲರಿಗೂ ಗೊತ್ತು. ಮರಕ್ಕೇ ಇಷ್ಟು ಮಾಡುವ ಕೈಗಳು, ಹೆಸರಿಟ್ಟು ಕರೆದ ಜೀವಕ್ಕೆ ಮಾಡಲಾರವೇ?

ಈ ನಾಡಿನ ಸಾಹಿತ್ಯವೂ ನಾಯಿಯನ್ನು ಹೊರಗೆ ಕಟ್ಟಿಹಾಕಿದ್ದಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ನಾಯಿಗುತ್ತಿಯನ್ನು ಅವನ ಹುಲಿಯನಿಂದ ಬೇರೆ ಮಾಡಿ ನೆನೆಯಲು ಯಾರಿಗೂ ಆಗುವುದಿಲ್ಲ. ತೇಜಸ್ವಿಯವರ 'ಪರಿಸರದ ಕತೆ' ಓದಿದ ವಿದ್ಯಾರ್ಥಿಗಳಿಗೆ ಕಿವಿ ಎಂಬ ನಾಯಿ ತಮ್ಮ ಮನೆಯದೇ ಎನ್ನುವಷ್ಟು ಪರಿಚಿತ.

ಚಾರ್ಲಿಯ ಹಿಮ, ನಮ್ಮ ನಾಯಿಯ ಹೊಳೆದಂಡೆ

ಸಾವು ನಿಶ್ಚಿತವಾದ ನಾಯಿಯೊಂದಿಗೆ ಬದುಕುವುದು ಹೇಗೆಂಬುದನ್ನು ಕನ್ನಡಿಗರು ಒಟ್ಟಾಗಿ ಕುಳಿತು ನೋಡಿ ಅತ್ತದ್ದು 2022ರ ಜೂನ್‌ನಲ್ಲಿ. ಕಾಸರಗೋಡಿನವರಾದ ಕಿರಣ್‌ರಾಜ್ ಕೆ. ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ '777 ಚಾರ್ಲಿ' ಆಗ ತೆರೆಗೆ ಬಂತು. ಯಾರನ್ನೂ ಹಚ್ಚಿಕೊಳ್ಳದೆ ಒಂಟಿಯಾಗಿ ಬದುಕುತ್ತಿದ್ದ ಧರ್ಮನ ಮನೆಗೆ, ಮರಿ ಮಾಡಿಸಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡ ಹೆಣ್ಣುನಾಯಿ ಬಂದು ಸೇರುತ್ತದೆ. ಅವನು ಅದನ್ನು ಹಚ್ಚಿಕೊಳ್ಳುವ ಹೊತ್ತಿಗೆ ಅದಕ್ಕೆ ಕ್ಯಾನ್ಸರ್ ಇರುವುದು ತಿಳಿಯುತ್ತದೆ. ಹಿಮವೆಂದರೆ ಚಾರ್ಲಿಗೆ ಆಸೆ ಎಂದು ಕಂಡ ಧರ್ಮ ಅದನ್ನು ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಹಿಮಾಲಯದವರೆಗೆ ಹೊರಡುತ್ತಾನೆ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ ನೋಡಿ ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಅಗಲಿದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಕಣ್ಣೀರಿಟ್ಟಿದ್ದರು.

ಚಿತ್ರ ನೋಡಿ ಬಂದ ಮಕ್ಕಳು 'ನಮ್ಮ ನಾಯಿಯನ್ನೂ ಕರೆದುಕೊಂಡು ಹೋಗೋಣ' ಎಂದರೆ ಅಚ್ಚರಿಯಿಲ್ಲ. ಆದರೆ ಸಿನಿಮಾ ಮಾತು ಬೇರೆ. ಕಾಯಿಲೆಯ ನಾಯಿಗೆ ದೂರ ಪ್ರಯಾಣ ಹಿಂಸೆ, ಹೊಸ ಜಾಗ ಗಾಬರಿ. ಅದಕ್ಕೆ ಬೇಕಾದದ್ದು ಹೊಸ ಸುಖವಲ್ಲ, ಹಳೆಯ ದಿನಚರಿ. ಬೆಳಗಿನ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂರುವುದು, ಅಡಕೆ ಸುಲಿಯುವವರ ಪಕ್ಕ ಮಲಗುವುದು, ಸಂಜೆ ಮಕ್ಕಳ ದನಿ ಕೇಳುವುದು. ತುಂಗೆಯ ಕಡೆಯವಕ್ಕೆ ಒಂದು ಹೊಳೆದಂಡೆ, ಭದ್ರೆಯ ಕಡೆಯವಕ್ಕೆ ಹಿನ್ನೀರಿನ ಒಂದು ಬಯಲು. ಅವಕ್ಕೆ ಹಿಮಾಲಯವೂ ಅದೇ. ಓಡಿ ಹೋಗುತ್ತಿದ್ದ ಜಾಗಕ್ಕೆ ಈಗ ನಿಧಾನವಾಗಿ ನಡೆಸಿಕೊಂಡು ಹೋಗಬಹುದು. ನಡೆಯಲಾಗದಿದ್ದರೆ ಕೈಗಾಡಿಯಲ್ಲಿ ಕಂಬಳಿ ಹಾಸಿ ಮಲಗಿಸಿ ಒಯ್ಯಬಹುದು.

ತನಗೆ ಎಷ್ಟು ದಿನ ಉಳಿದಿದೆ ಎಂಬ ಲೆಕ್ಕ ನಾಯಿಯ ತಲೆಯಲ್ಲಿಲ್ಲ. ಆ ಲೆಕ್ಕ ಹಾಕುತ್ತಾ ಕೊರಗುವವರು ಮನೆಯವರು. ನಾಯಿಗೆ ಗೊತ್ತಿರುವುದು ಇವತ್ತು ನೋವಿದೆಯೋ ಇಲ್ಲವೋ, ತನ್ನವರು ಹತ್ತಿರ ಇದ್ದಾರೋ ಇಲ್ಲವೋ ಎಂಬುದಷ್ಟೆ. ಹಾಗೆ ನೋಡಿದರೆ ಮನೆಯವರ ಕೆಲಸ ಹಗುರ. ವರ್ಷಗಳನ್ನು ಕೂಡಿಸಿ ಕೊಡಲು ಆಗದು. ಇವತ್ತೊಂದು ದಿನವನ್ನು ಚೆನ್ನಾಗಿ ಮಾಡಿಕೊಡಬಹುದು.

ಹದಿನಾಲ್ಕು ಸಾವಿರ ವರ್ಷದ ಹಿಂದಿನ ಆರೈಕೆ

ವೀರಮರಣ ಪಡೆದ ನಾಯಿಗೆ ಕಲ್ಲು ನೆಡಿಸಿದ ನಾಡು ನಮ್ಮದು. ಹತ್ತನೆಯ ಶತಮಾನದ ಆತಕೂರು ಶಾಸನದ ಕತೆಯನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರನಿಗೆ ಗಂಗರ ಬೂತುಗ 'ಬೇಕಾದ್ದು ಕೇಳು' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹೋರಾಡಿದ ನಾಯಿಗೆ ಕಲ್ಲು. ಕಾಯಿಲೆಯಿಂದ ಮಲಗಿದ ನಾಯಿಗೆ? ಅದಕ್ಕೂ ಒಂದು ಸಾಕ್ಷಿಯಿದೆ, ಅದು ದೂರದ ಜರ್ಮನಿಯಲ್ಲಿ. 1914ರಲ್ಲಿ ಬಾನ್ ನಗರದ ಬಳಿಯ ಒಬರ್‌ಕಾಸೆಲ್‌ನ ಕಲ್ಲುಗಣಿಯಲ್ಲಿ ಒಂದು ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿದ್ದದ್ದು ಒಬ್ಬ ಗಂಡಸು, ಒಬ್ಬ ಹೆಂಗಸು ಮತ್ತು ಒಂದು ನಾಯಿ. ಸುಮಾರು 14,000 ವರ್ಷ ಹಿಂದಿನ ಮೂಳೆಗಳು. ಪಶುವೈದ್ಯರೂ ಪುರಾತತ್ವಜ್ಞರೂ ಆದ ಲುಕ್ ಜಾನ್ಸೆನ್ಸ್ ಮತ್ತು ಸಂಗಡಿಗರು ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಸಂಗತಿ ಮನಮುಟ್ಟುವಂಥದ್ದು. ಅದು ಏಳು ತಿಂಗಳೂ ತುಂಬದ ಮರಿ. ಅದಕ್ಕೆ ಡಿಸ್ಟೆಂಪರ್ ರೋಗ ತಗುಲಿತ್ತು ಎನ್ನಲು ಹಲ್ಲಿನ ಮೇಲ್ಪದರದಲ್ಲಿ ಗುರುತುಗಳಿವೆ. ಇಂದಿಗೂ ಮರಿಗಳನ್ನು ಕೊಲ್ಲುವ ಈ ರೋಗ ಹಿಡಿದ ಮರಿ ಆರೈಕೆಯಿಲ್ಲದಿದ್ದರೆ ಮೂರು ವಾರದೊಳಗೆ ಸತ್ತುಹೋಗಬೇಕಿತ್ತು. ಅದು ವಾರಗಟ್ಟಲೆ ಬದುಕಿತ್ತು. ಅಂದರೆ ಯಾರೋ ಅದನ್ನು ಬೆಚ್ಚಗಿಟ್ಟು, ಒರೆಸಿ, ನೀರು ಕುಡಿಸಿ, ತಿನ್ನಿಸಿ ನೋಡಿಕೊಂಡಿದ್ದರು. ಬೇಟೆಗೂ ಒದಗದ, ಕಾವಲಿಗೂ ಬಾರದ ರೋಗಿಷ್ಠ ಮರಿಗಾಗಿ! ಲಸಿಕೆ, ಮಾತ್ರೆ, ಆಸ್ಪತ್ರೆ ಯಾವುದೂ ಇಲ್ಲದ ಕಾಲದಲ್ಲಿ ಅವರು ಮಾಡಿದ ಕೆಲಸವೇ ಇಂದು ಕೊಪ್ಪದ ಒಂದು ಜಗಲಿಯಲ್ಲಿ ಮಗುವೊಂದು ಮಾಡುತ್ತಿರುವುದು.

ಆರೈಕೆಯ ದಿನಚರಿ

ಮಲೆನಾಡಿನ ಮಳೆಗಾಲದಲ್ಲಿ ಕಾಯಿಲೆಯ ನಾಯಿಗೆ ಮೊದಲ ಶತ್ರು ಶೀತ. ಸಿಮೆಂಟ್ ನೆಲದ ಮೇಲೆ ಮಲಗಿಸದೆ, ದಪ್ಪವಾಗಿ ಒಣಹುಲ್ಲು ಹಾಸಿ ಮೇಲೆ ಗೋಣಿಚೀಲ, ಹಳೆಯ ಕಂಬಳಿ ಹಾಕಬೇಕು. ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಮೂಲೆಗಿಂತ ಒಳ್ಳೆಯ ಜಾಗ ಬೇರಿಲ್ಲ. ಹೊಗೆ ಮುಖಕ್ಕೆ ಹೊಡೆಯದಂತೆ, ಕಿಡಿ ಹಾರದಂತೆ ನೋಡಿಕೊಂಡರಾಯಿತು. ಏಳಲಾಗದ ನಾಯಿಯನ್ನು ಮೂರು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಮೈ ಹುಣ್ಣಾಗುತ್ತದೆ. ಒದ್ದೆಯಾದ ಹಾಸಿಗೆಯನ್ನು ಕೂಡಲೇ ಬದಲಿಸಬೇಕು.

ಊಟವನ್ನು ಒಂದೇ ಸಲ ಹಾಕುವ ಬದಲು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ, ಉಗುರುಬೆಚ್ಚಗೆ ಮಾಡಿ ಕೊಡಬೇಕು. ಬೆಚ್ಚಗಿದ್ದರೆ ವಾಸನೆ ಎದ್ದು ಬಂದು ತಿನ್ನುವ ಮನಸ್ಸಾಗುತ್ತದೆ. ಬಟ್ಟಲು ಸ್ವಲ್ಪ ಎತ್ತರದಲ್ಲಿದ್ದರೆ ಕತ್ತು ಬಗ್ಗಿಸುವ ಕಷ್ಟ ತಪ್ಪುತ್ತದೆ. ಮಾತ್ರೆಯನ್ನು ಅನ್ನದ ಉಂಡೆಯಲ್ಲೋ ಬಾಳೆಹಣ್ಣಿನ ತುಂಡಿನಲ್ಲೋ ಅಡಗಿಸಿ ಕೊಡಬಹುದು. ಮೂತ್ರಪಿಂಡದ ಕಾಯಿಲೆಯಿದ್ದರೆ ಮಾಂಸ, ಮೂಳೆ, ಉಪ್ಪು ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ನೀರನ್ನು ಮಾತ್ರ ಯಾವಾಗಲೂ ಕೈಗೆಟುಕುವಂತೆ, ಅಲ್ಲಲ್ಲ, ಬಾಯಿಗೆಟುಕುವಂತೆ ಇಟ್ಟಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಆರೋಗ್ಯವಂತ ನಾಯಿಗೂ ವಿಷ. ಪಾಯಸದಲ್ಲಿ ಉಳಿದ ದ್ರಾಕ್ಷಿಯನ್ನು ಪ್ರೀತಿಯಿಂದ ಹಾಕುವವರು ಇದನ್ನು ನೆನಪಿಡಬೇಕು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಎಚ್ಚರಿಕೆ: ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಮನುಷ್ಯರಿಗೆ ಒಗ್ಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳು ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಿ ಜೀವವನ್ನೇ ತೆಗೆಯಬಲ್ಲವು. ಮೈ ಬಿಸಿಯಿದೆ ಎಂದ ಮಾತ್ರಕ್ಕೆ ಜ್ವರವೂ ಅಲ್ಲ. ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆಂದೇ ಇರುವ ನೋವಿನ ಔಷಧಿಗಳನ್ನು ವೈದ್ಯರು ಬರೆದುಕೊಡುತ್ತಾರೆ.

ನಾಯಿ ನೋವನ್ನು ಮುಚ್ಚಿಡುವ ಪ್ರಾಣಿ. ಅಳುವುದಿಲ್ಲ, ಕಿರುಚುವುದಿಲ್ಲ. ಸುಮ್ಮನೆ ಏದುಸಿರು ಬಿಡುತ್ತದೆ, ರಾತ್ರಿ ಜಾಗ ಬದಲಿಸುತ್ತಲೇ ಇರುತ್ತದೆ, ಹಿತ್ತಿಲಿನ ಮರೆಗೆ ಹೋಗಿ ಅಡಗುತ್ತದೆ, ಮುಟ್ಟಿದರೆ ಗುರ್ ಎನ್ನುತ್ತದೆ. ಎಷ್ಟೇ ಸಾಧುವಾದರೂ ನೋವಿನಲ್ಲಿರುವ ನಾಯಿ ಕಚ್ಚಬಹುದು ಎಂದು ಮಕ್ಕಳಿಗೆ ಹೇಳಿರಬೇಕು. ಇಲಿಜ್ವರದಂಥ ಕೆಲವು ಕಾಯಿಲೆಗಳು ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುವುದರಿಂದ, ಶುಚಿ ಮಾಡುವ ಕೆಲಸ ದೊಡ್ಡವರದಾಗಲಿ, ಅದೂ ಕೈಗವಸು ಹಾಕಿಕೊಂಡು.

ಪರೀಕ್ಷೆ ಮುಗಿಯಲಿ ಎಂದು ಮುಚ್ಚಿಡಬೇಕೇ?

ಹೆತ್ತವರನ್ನು ಹೆಚ್ಚು ಕಾಡುವುದು ಈ ಪ್ರಶ್ನೆ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಫೆಬ್ರವರಿಯಲ್ಲಿ ನಾಯಿಗೆ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಮಗಳು ಓದುವಾಗ ಕಾಲಬುಡದಲ್ಲೇ ಮಲಗುವ ನಾಯಿ ಅದು. ಹೇಳಿದರೆ ಓದು ಕೆಡುತ್ತದೆ, ಹೇಳದಿದ್ದರೆ?

ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತದೆ. ಅಡುಗೆಮನೆಯ ಪಿಸುಮಾತು, ಅಮ್ಮನ ಕೆಂಪಾದ ಕಣ್ಣು, ತಟ್ಟೆಯಲ್ಲಿ ಹಾಗೇ ಉಳಿದ ಅನ್ನ ಎಲ್ಲವನ್ನೂ ಅವರು ನೋಡುತ್ತಿರುತ್ತಾರೆ. ಮುಚ್ಚಿಟ್ಟರೆ ಆಗುವ ಕೇಡು ಎರಡು. ಮೊದಲನೆಯದು, ಏನೋ ನಡೆಯುತ್ತಿದೆ ಎಂಬ ಭಯದಲ್ಲಿ ಓದೂ ಹತ್ತುವುದಿಲ್ಲ. ಎರಡನೆಯದು, ಪರೀಕ್ಷೆ ಮುಗಿಸಿ ಬಂದಾಗ ಬರಿದಾದ ಗೋಣಿಚೀಲ ಕಂಡ ಮಗು, ತಾನು ಬೀಳ್ಕೊಡಲೂ ಆಗಲಿಲ್ಲವೆಂಬ ನೋವನ್ನು ಬಹುಕಾಲ ಹೊರುತ್ತದೆ. ಅಪ್ಪ ಅಮ್ಮನ ಮಾತನ್ನು ಮುಂದೆ ನಂಬುವುದೂ ಕಷ್ಟವಾಗುತ್ತದೆ.

ನಿಜವನ್ನು ಚಿಕ್ಕ ಮಾತಿನಲ್ಲಿ, ಶಾಂತವಾಗಿ ಹೇಳುವುದೇ ಸರಿ. 'ಅದಕ್ಕೆ ದೊಡ್ಡ ಕಾಯಿಲೆ ಬಂದಿದೆ. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನೋವಾಗದಂತೆ ನೋಡಿಕೊಳ್ಳುತ್ತೇವೆ. ನಿನ್ನ ತಪ್ಪು ಏನೂ ಇಲ್ಲ.' ಈ ಕೊನೆಯ ಮಾತು ಬಹಳ ಮುಖ್ಯ. ತಾನು ಅಂದು ಬೈದದ್ದರಿಂದ, ಮಳೆಯಲ್ಲಿ ಆಡಿಸಿದ್ದರಿಂದ ಹೀಗಾಯಿತೆಂದು ಎಳೆಯ ಮಕ್ಕಳು ಒಳಗೊಳಗೇ ಅಂದುಕೊಂಡಿರುತ್ತಾರೆ. 'ನಾಯಿ ಎಲ್ಲೋ ಓಡಿಹೋಯಿತು' ಎಂದು ಹೇಳಿದರೆ ಮಗು ವರ್ಷಗಟ್ಟಲೆ ಅದನ್ನು ಕಾಯುತ್ತದೆ. 'ನಿದ್ದೆ ಮಾಡಿಸಿದರು' ಎಂದರೆ ಚಿಕ್ಕ ಮಗು ತಾನು ನಿದ್ದೆ ಮಾಡಲು ಹೆದರುತ್ತದೆ. ಸತ್ತಿತು ಎಂಬ ಮಾತು ಕಠಿಣವಾದರೂ ಸುಳ್ಳಿಗಿಂತ ಲೇಸು.

ಹೇಳಿದ ಮೇಲೆ ಮಕ್ಕಳಿಗೊಂದು ಕೆಲಸ ಕೊಡಬೇಕು. ನೀರಿನ ಬಟ್ಟಲು ತುಂಬುವುದು, ಮಾತ್ರೆಯ ಹೊತ್ತನ್ನು ಬರೆದಿಡುವುದು, ಓದುವ ಪುಸ್ತಕ ಹಿಡಿದು ನಾಯಿಯ ಪಕ್ಕ ಅರ್ಧ ಗಂಟೆ ಕೂರುವುದು. ಗಟ್ಟಿಯಾಗಿ ಓದಿದರೆ ಮಗುವಿಗೆ ಪಾಠವೂ ಆಯಿತು, ನಾಯಿಗೆ ಪರಿಚಿತ ದನಿಯೂ ಆಯಿತು!

ಹಣದ ಮಾತನ್ನೂ ಮುಚ್ಚಿಡಬಾರದು. ದೂರದ ಊರಿನ ಚಿಕಿತ್ಸೆ, ಕೀಮೋಥೆರಪಿ ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ನಾಯಿಗಳಿಗೆ ಕೊಡುವ ಕೀಮೋಥೆರಪಿಯ ಉದ್ದೇಶವೂ ಬಹಳಷ್ಟು ಸಲ ಪೂರ್ತಿ ಗುಣಪಡಿಸುವುದಲ್ಲ, ಒಂದಿಷ್ಟು ಕಾಲ ನೆಮ್ಮದಿ ಕೊಡುವುದು. ಅದು ಆಗದೆಂದು ತೀರ್ಮಾನಿಸಿ, ನೋವಿನ ಔಷಧಿ, ಬೆಚ್ಚನೆಯ ಹಾಸಿಗೆ, ಒಳ್ಳೆಯ ಊಟ ಕೊಟ್ಟು ನೋಡಿಕೊಳ್ಳುವ ಅಪ್ಪ ಯಾವ ತಪ್ಪನ್ನೂ ಮಾಡಿದಂತಲ್ಲ. ತಪ್ಪು ಇರುವುದು ಕಾಯಿಲೆಯ ನಾಯಿಯನ್ನು ದೂರದ ಸಂತೆಯಲ್ಲೋ ಕಾಡಂಚಿನಲ್ಲೋ ಬಿಟ್ಟುಬರುವುದರಲ್ಲಿ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕ್ಯಾಲೆಂಡರಿನ ಗುರುತು

'ಇನ್ನೂ ಎಷ್ಟು ದಿನ ಎಳೆಯುವುದು? ಕಳಿಸಿಕೊಡುವುದೇ ಒಳ್ಳೆಯದೇ?' ಎಂಬ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ. ಮನಸ್ಸು ಒಂದು ದಿನ ಹೀಗೆ, ಒಂದು ದಿನ ಹಾಗೆ ಹೇಳುವಾಗ ತೀರ್ಮಾನಕ್ಕೊಂದು ಆಧಾರ ಬೇಕು. ಅಮೆರಿಕದ ಪಶುವೈದ್ಯೆ, ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಟ್ಟರು. ನೋವು ಹತೋಟಿಯಲ್ಲಿದೆಯೇ, ಊಟ ಸೇರುತ್ತದೆಯೇ, ನೀರು ಸಾಕಷ್ಟು ಹೋಗುತ್ತಿದೆಯೇ, ಮೈ ಶುಚಿಯಾಗಿದೆಯೇ, ಸಂತೋಷ ಉಳಿದಿದೆಯೇ, ಓಡಾಟ ಇದೆಯೇ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬ ಏಳು ಪ್ರಶ್ನೆಗಳು. ಒಂದೊಂದಕ್ಕೆ ಹತ್ತರಲ್ಲಿ ಅಂಕ. ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಅವರ ಲೆಕ್ಕ.

ಇಷ್ಟು ಕಷ್ಟವೆನಿಸಿದರೆ ಗೋಡೆಯ ಕ್ಯಾಲೆಂಡರ್ ಸಾಕು. ನಾಯಿ ಬಾಲ ಅಲ್ಲಾಡಿಸಿ, ತಿಂದು, ಬಿಸಿಲಿಗೆ ಮಲಗಿದ ದಿನಕ್ಕೊಂದು ಸರಿ ಗುರುತು. ನರಳುತ್ತಾ ಕಳೆದ ದಿನಕ್ಕೊಂದು ಅಡ್ಡಗೀಟು. ಇದನ್ನು ಮಕ್ಕಳೇ ಹಾಕಲಿ. ಅಡ್ಡಗೀಟುಗಳು ಸರಿ ಗುರುತುಗಳನ್ನು ಮೀರಿದಾಗ ಯಾರೂ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಮನೆಯವರೆಲ್ಲ ಒಟ್ಟಿಗೆ ನೋಡುತ್ತಿರುತ್ತಾರೆ.

ದಯಾಮರಣ ಎಂದರೆ ಏನೋ ಕ್ರೌರ್ಯ ಎಂಬ ಅಳುಕು ಹಲವರಿಗಿದೆ. ಪಶು ವೈದ್ಯರು ಮೊದಲು ನಾಯಿ ಮಂಪರಿಗೆ ಜಾರುವಂತೆ ಮಾಡುತ್ತಾರೆ. ಆಮೇಲೆ ಹೆಚ್ಚಿನ ಪ್ರಮಾಣದ ಅರಿವಳಿಕೆ ಔಷಧಿ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ನೋವಿಲ್ಲದೆ ಉಸಿರು, ಎದೆಬಡಿತ ನಿಲ್ಲುತ್ತವೆ. ಇದು ವೈದ್ಯರೇ ಮಾಡಬೇಕಾದ ಕೆಲಸ. ವಿಷ ಹಾಕುವುದು, ಕೋವಿ ಎತ್ತುವುದು ಇದಕ್ಕೆ ಬದಲಿಯಲ್ಲ. ಇದನ್ನು ಒಪ್ಪದ, ತಾನಾಗಿ ಹೋಗಲಿ ಎನ್ನುವ ಮನೆಗಳೂ ಇವೆ. ಹಾಗಾದರೆ ಕೊನೆಯವರೆಗೂ ನೋವಿನ ಔಷಧಿ ತಪ್ಪಿಸಬಾರದು. ಯಾವ ದಾರಿಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ತೀರ್ಮಾನ ನಾಯಿಯ ನೋವು ಕಳೆಯುವುದಕ್ಕೋ, ನಮ್ಮ ನೋವು ಮುಂದೂಡುವುದಕ್ಕೋ?

ಆ ಕೊನೆಯ ಗಳಿಗೆಯಲ್ಲಿ ನಾಯಿಯ ತಲೆಯ ಮೇಲೆ ಮನೆಯವರದೊಂದು ಕೈ ಇರಲಿ. ಮೂಗಿನಿಂದ, ಕಿವಿಯಿಂದ ಅದು ಕೊನೆಯದಾಗಿ ಹುಡುಕುವುದು ಆ ಪರಿಚಿತ ವಾಸನೆಯನ್ನೇ, ಆ ಪರಿಚಿತ ದನಿಯನ್ನೇ.

ತೋಟದ ಅಂಚಿನಲ್ಲಿ

ಮಲೆನಾಡಿನಲ್ಲಿ ನಾಯಿಗೆ ಜಾಗ ಹುಡುಕಬೇಕಾಗಿಲ್ಲ. ಬಾವಿಗೆ, ಹಳ್ಳಕ್ಕೆ ದೂರವಾಗಿ, ತೋಟದ ಮೇಲಂಚಿನಲ್ಲಿ ಆಳವಾದ ಗುಂಡಿ ತೆಗೆದು, ಬೇರೆ ಪ್ರಾಣಿಗಳು ಕೆದಕದಂತೆ ಮೇಲೆ ಕಲ್ಲು ಹೇರುತ್ತಾರೆ. ಮಕ್ಕಳು ಒಂದು ಹೂವಿನ ಗಿಡ ನೆಡುತ್ತಾರೆ. ಕೊರಳಪಟ್ಟಿ ಕೆಲವು ದಿನ ಜಗಲಿಯ ಗೂಟದಲ್ಲೇ ನೇತಾಡುತ್ತಿರುತ್ತದೆ. ಅದನ್ನು ತೆಗೆಯಲು ಯಾರೂ ಅವಸರ ಮಾಡಬೇಕಾಗಿಲ್ಲ. 'ನಾಯಿಗೋಸ್ಕರ ಇಷ್ಟು ಅಳ್ತಾರಾ?' ಎಂದು ನಗುವವರೂ ಇರುತ್ತಾರೆ. ಮಕ್ಕಳನ್ನು ಅಳಲು ಬಿಡಬೇಕು. ಮರುವಾರವೇ ಹೊಸ ಮರಿ ತಂದು ಕಣ್ಣೊರೆಸುವ ಅಗತ್ಯವೂ ಇಲ್ಲ. ಮಕ್ಕಳೇ ಕೇಳುವ ದಿನ ಬಂದಾಗ ತಂದರಾಯಿತು. ಆಗ ಬೆಲೆ ಕೊಟ್ಟು ತರಬೇಕೆಂದೇನೂ ಇಲ್ಲ. ಬೀದಿಬದಿಯಲ್ಲಿ ಮನೆ ಹುಡುಕುತ್ತಿರುವ ಮರಿಗಳು ಪ್ರತಿ ಪೇಟೆಯಲ್ಲೂ ಇವೆ. ಮೊದಲ ದಿನವೇ ಪಶು ಆಸ್ಪತ್ರೆಗೆ ಒಯ್ದು, ಲಸಿಕೆ ಯಾವ ಯಾವ ದಿನವೆಂದು ಕೇಳಿ ಅದೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಹೋದ ಗೆಳೆಯ ಕಲಿಸಿದ ಪಾಠ ವ್ಯರ್ಥವಾಗಲಿಲ್ಲ.

ಮತ್ತೆ ಸಂಜೆಯಾಗುತ್ತದೆ. ತಿರುವಿನಲ್ಲಿ ಬಸ್ಸು ಹಾರನ್ ಹಾಕುತ್ತದೆ. ಇಳಿದ ಮಕ್ಕಳು ಅರೆಗಳಿಗೆ ಸಂಕದ ಕಡೆ ನೋಡಿ ನಿಲ್ಲುತ್ತಾರೆ. ಆಮೇಲೆ ಕೊಡೆ ಬಿಚ್ಚಿಕೊಂಡು, ದಿನವೂ ಅದು ಮುಂದೆ ಮುಂದೆ ಓಡುತ್ತಿದ್ದ ದಾರಿಯಲ್ಲಿ, ಅದರದೇ ಮಾತಾಡುತ್ತಾ ಮನೆಯ ಕಡೆ ನಡೆಯುತ್ತಾರೆ.